ಜಪ ಎಣಿಸುವ ಡಬ್ಬಿ

ಸವಣೂರಿನ ಎಲೆ ಬಜಾರದಲ್ಲಿ ಅಪ್ಪನ ದನಿಗೆ ಹೆಸರಿತ್ತು. ವೀಳ್ಯದೆಲೆಯ ಪೆಂಡಿ ಎತ್ತಿ ಹಿಡಿದು ಅವನು ದರ ಕೂಗಿದರೆ ಹಿಂದಿನ ಓಣಿಯವರೆಗೂ ಕೇಳುತ್ತಿತ್ತು. ಬಾಯಿದ್ದವನು ಬರಗಾಲದಲ್ಲೂ ಬದುಕುತ್ತಾನೆ ಎಂಬ ಮಾತು ಇವನನ್ನು ನೋಡಿಯೇ ಹುಟ್ಟಿರಬೇಕು ಎಂದು ಅವ್ವ ಚೇಷ್ಟೆ ಮಾಡುತ್ತಿದ್ದಳು. ಎಂಬತ್ತರ ದಶಕದ ನಡುವೆ ಒಂದು ಮುಂಜಾನೆ ಅವನಿಗೆ ಲಕ್ವಾ ಹೊಡೆಯಿತು. ಬಲಗೈ ಬಿದ್ದುಹೋಯಿತು, ನಾಲಿಗೆ ತೊದಲಿತು. ಮಾತಾಡಿದಷ್ಟೂ ಮಾತು ಮರಳುತ್ತದೆ ಎಂದರು ಡಾಕ್ಟರು. ಅಪ್ಪನೋ, ತೊದಲುವುದನ್ನು ಯಾರೂ ಕೇಳಬಾರದೆಂದು ಬಾಯಿಯನ್ನೇ ಮುಚ್ಚಿಕೊಂಡ. ಹಟಮಾರಿ. ಆ ಹಟ ನನಗೂ ಬಂದಿದೆ, ಇಲ್ಲವೆನ್ನಲಾರೆ.

ಬಾಯಿ ಬಿಟ್ಟರೆ ಲಿಂಗಪೂಜೆಯಲ್ಲಿ ಮಾತ್ರ ಬಿಟ್ಟಾನು ಎಂದು ಅವ್ವನಿಗೆ ಆಸೆ. ಅಲ್ಲಿಯೂ ತೊಡಕಾಯಿತು. ಎಡ ಅಂಗೈಯಲ್ಲಿ ಲಿಂಗ, ಬಲಗೈಯಲ್ಲಿ ರುದ್ರಾಕ್ಷಿ ಸರ, ಜೀವನವಿಡೀ ಅವನ ಪೂಜೆ ಹಾಗೆಯೇ. ಈಗ ಸರ ಹಿಡಿಯುವ ಕೈ ಇಲ್ಲ. ಅವನ ಸರವನ್ನು ಬೇರೆಯವರು ಮುಟ್ಟುವಂತಿಲ್ಲ, ಅವ್ವ ಕೂಡ. ಷಡಕ್ಷರಿ ನೂರೆಂಟು ಸಲ ಆಗಬೇಕು. ಎಣಿಕೆಯಿಲ್ಲದ ಜಪ ವ್ಯಾಪಾರಿಗೆ ಸೇರುತ್ತದೆಯೇ? ಲಿಂಗವನ್ನು ನೋಡುತ್ತ ಸುಮ್ಮನೆ ಕುಳಿತಿರುತ್ತಿದ್ದ.

ನಾನಾಗ ಹಿರೇಕೆರೂರಿನ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಕೆಟ್ಟ ಟ್ರಾನ್ಸಿಸ್ಟರುಗಳನ್ನು ಬಿಚ್ಚಿ ಬೆಸುಗೆ ಹಾಕುವ ಹುಚ್ಚು ಬೇರೆ. ನನ್ನ ಪುಟ್ಟ ಕ್ಯಾಲ್ಕುಲೇಟರಿನಲ್ಲಿ ಒಂದು, ಆಮೇಲೆ ಕೂಡಿಸುವ ಗುಂಡಿ ಒತ್ತಿ, ಮುಂದೆ ಸಮದ ಗುಂಡಿಯನ್ನೇ ಒತ್ತುತ್ತ ಹೋದರೆ ಲೆಕ್ಕ ಒಂದೊಂದೇ ಏರುತ್ತಿತ್ತು. ಅದರ ಬೆನ್ನು ಬಿಚ್ಚಿ, ಸಮದ ಗುಂಡಿಯಿಂದ ಎರಡು ತಂತಿ ಎಳೆದು ಕರೆಗಂಟೆಯ ಸ್ವಿಚ್ಚಿಗೆ ಜೋಡಿಸಿದೆ. ಎಲ್ಲವನ್ನೂ ಹೊಸ ಸೋಪಿನ ಡಬ್ಬಿಯಲ್ಲಿ ಕೂಡಿಸಿದೆ. ಒಳಗಿದ್ದವು ಅಂಗಿಯ ಗುಂಡಿಯಷ್ಟೇ ದೊಡ್ಡ ಎರಡು ಸೆಲ್ಲು. ಇಷ್ಟು ಸಣ್ಣವು ಏನು ನಡೆಸಿಯಾವು ಎಂದು ಅವ್ವ ಮೂಗು ಮುರಿದಳು. ವರ್ಷಗಟ್ಟಲೆ ನಡೆಸುತ್ತವೆ ಎಂದು ನಾನು ಜಂಬ ಕೊಚ್ಚಿದೆ.

ಅಪ್ಪ ಹೇಳಬೇಕು, ಅವ್ವ ಒತ್ತಬೇಕು. ಅಂಕಿ ಕಾಣುವುದು ಅವ್ವನ ಕಡೆಗೆ. ಮೊದಮೊದಲು ಅವನ ಒಂದು ನಾಮ ಎಲ್ಲಿ ಮುಗಿಯಿತೆಂದೇ ಅವಳಿಗೆ ತಿಳಿಯುತ್ತಿರಲಿಲ್ಲ. ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕುಳಿತು ಅವನ ತುಟಿಯನ್ನೇ ನೋಡುತ್ತಿದ್ದಳು. ಸರಿಯಾಗಿ ಕೇಳಿಸದಿದ್ದರೆ ಒತ್ತುತ್ತಿರಲಿಲ್ಲ. ಅಪ್ಪ ಕಣ್ಣು ಕೆಂಪಗೆ ಮಾಡಿ ಮತ್ತೆ ಹೇಳುತ್ತಿದ್ದ. ವಿಭೂತಿಯ ವಾಸನೆ, ಪಡಸಾಲೆಯಲ್ಲಿ ಒದ್ದೆ ಗೋಣಿ ಹೊದಿಸಿಟ್ಟ ಎಲೆಯ ತಂಪು, ನಡುನಡುವೆ ಸ್ವಿಚ್ಚಿನ ಟಕ್ ಎಂಬ ಸದ್ದು. ಅಂಥ ಒಂದು ಮುಂಜಾನೆ ಮತ್ತೆ ಸಿಗುವುದಾದರೆ ಏನು ಬೇಕಾದರೂ ಕೊಟ್ಟೇನು.

ಕೆಲವು ತಿಂಗಳ ಮೇಲೆ ರಜೆಗೆ ಬಂದೆ. ಪೂಜೆ ಮುಗಿದಿತ್ತು. ಡಬ್ಬಿ ಎತ್ತಿ ನೋಡಿದರೆ ಅಂಕಿಯೇ ಇಲ್ಲ. ಬೆಳಕಿಗೆ ವಾರೆಯಾಗಿ ಹಿಡಿದರೂ ಅದರ ನೆರಳಿಲ್ಲ. ಅವ್ವ ಒಮ್ಮೆಯೂ ಅದನ್ನು ಆಫ್ ಮಾಡಿರಲಿಲ್ಲವಂತೆ. ನನಗೆ ಸಿಟ್ಟು ನೆತ್ತಿಗೇರಿತು. ಯಾವುದಕ್ಕೂ ಇರಲಿ ಎಂದು ಶಿಗ್ಗಾಂವಿಯ ಗಡಿಯಾರದ ಅಂಗಡಿಯಿಂದ ತರಿಸಿದ್ದ ಹೊಸ ಸೆಲ್ಲುಗಳು ಚೀಲದಲ್ಲಿದ್ದವು, ತೆಗೆದೆ. ಅವ್ವ ನನ್ನ ಕೈ ಹಿಡಿದು ಅಡುಗೆಮನೆಗೆ ಎಳೆದೊಯ್ದಳು.

“ಅದು ಆರಿ ಭಾಳ ದಿನ ಆತು,” ಎಂದಳು. “ಹೊಸಾವು ಹಾಕಬ್ಯಾಡ. ಅಂಕಿ ಕಂಡ್ರ ನೂರೆಂಟಕ್ಕ ನಿಲ್ಲಸಬೇಕಾಗತೈತಿ. ಈಗ ಅವರು ದಣಿಯೂತನಕ ನಾ ಒತ್ತಕೋಂತ ಹೊಕ್ಕೇನಿ. ಒತ್ತಿದ್ರ ಅವರು ಮುಂದಿಂದು ಹೇಳ್ತಾರ.”

ಇದು ಅಪ್ಪನಿಗೆ ಗೊತ್ತಾದರೆ ಗತಿಯೇನು ಎಂದು ಕೇಳಿದೆ. ಗೊತ್ತಾಗುವುದಿಲ್ಲ ಎಂದು ಒಲೆಯ ಕಡೆ ತಿರುಗಿದಳು.

ಪಡಸಾಲೆಗೆ ಬಂದಾಗ ಅಪ್ಪ ಎಡಗೈ ಆಡಿಸಿ ನನ್ನನ್ನು ಹತ್ತಿರ ಕರೆದ. ಲಕ್ವಾ ಹೊಡೆದ ಮೇಲೆ ಅವನು ನನ್ನೊಡನೆ ಒಂದು ಮಾತೂ ಆಡಿರಲಿಲ್ಲ. ಅಡುಗೆಮನೆಯ ಕಡೆ ಒಮ್ಮೆ ನೋಡಿ, ತಡೆದು ತಡೆದು, ಆದರೆ ಒಂದೊಂದು ಅಕ್ಷರವೂ ತಿಳಿಯುವಂತೆ ಹೇಳಿದ:

“ನಿಮ್ಮವ್ವ ದಿನಾ ಹೆಚ್ಚಿಗಿ ಹೇಳಸ್ತಾಳ. ನಾ ಎಣಸೇನಿ. ಆಕಿಗೆ ಹೇಳಬ್ಯಾಡ.”

ನನಗೆ ನಗು, ಅಳು ಎರಡೂ ಒಟ್ಟಿಗೇ ಬಂದವು. ಹೂಂ ಎಂದೆ. ಸೆಲ್ಲುಗಳನ್ನು ಚೀಲಕ್ಕೇ ಹಾಕಿಕೊಂಡೆ.