ಕ್ಯಾರೆಟ್ಟಿನ ತೂಕ

ಮೂವತ್ತೊಂದು ವರ್ಷ ಅಂಗಡಿಗಳ ತಕ್ಕಡಿ ಪರೀಕ್ಷಿಸಿ ನಿವೃತ್ತರಾದ ಇನ್ಸ್‌ಪೆಕ್ಟರಿಗೆ ಯಾವ ತಟ್ಟೆ ಕಂಡರೂ ಎತ್ತಿ ಅದರ ತಳ ನೋಡುವ ಅಭ್ಯಾಸ. ತಳಕ್ಕೆ ಮೇಣ ಮೆತ್ತಿ ಗಿರಾಕಿಗಳ ಕಣ್ಣಿಗೆ ಮಣ್ಣೆರಚುವವರನ್ನು ಅವರು ಅಷ್ಟು ಕಂಡಿದ್ದರು. ಎಂಟು ತಿಂಗಳ ಮೊಮ್ಮಗಳು ತನ್ನ ಊಟ ತಾನೇ ಮಾಡುತ್ತಾಳೆಂದು ಮಗಳು ಹೇಳಿದಾಗ ಅವರು ನಂಬಲಿಲ್ಲ.

ಎಕ್ಸ್‌ರೇ ವಿಭಾಗದ ಕೆಲಸಕ್ಕೆ ಮಗಳು ಸೋಮವಾರ ಮರಳಬೇಕಿತ್ತು. ಹಗಲು ಮಗುವನ್ನು ತಾವೇ ನೋಡಿಕೊಳ್ಳುವುದೆಂದು ಇನ್ಸ್‌ಪೆಕ್ಟರು ಹಟ ಹಿಡಿದಿದ್ದರು. ಹೆಂಡತಿ ಹೋದಮೇಲೆ ಅವರಿಗೊಂದು ಕೆಲಸವೆಂದು ಒದಗಿದ್ದು ಇದೊಂದೇ.

"ಒಂದೇ ಷರತ್ತು ಅಪ್ಪಾ," ಎಂದಳು ಮಗಳು. "ತರಕಾರಿ ಬೆರಳುದ್ದ ಹೆಚ್ಚಿ, ಮೆತ್ತಗೆ ಬೇಯಿಸಿ ಮುಂದಿಡು. ಪಕ್ಕದಲ್ಲೇ ಕೂತಿರು. ತಿನ್ನೋದು ಬಿಡೋದು ಅವಳಿಷ್ಟ. ಚಮಚದಲ್ಲಿ ತುರುಕಿದ್ದು ಗೊತ್ತಾದ್ರೆ ಶಿಶುವಿಹಾರಕ್ಕೆ ಹಾಕ್ತೀನಿ."

"ಇರೋದೇ ಎರಡು ಹಲ್ಲು. ಅದೇನು ತಿನ್ನುತ್ತೆ? ಮೈಗೆ ಬಳ್ಕೊಳ್ಳುತ್ತೆ ಅಷ್ಟೆ."

"ಒಸಡಿದೆಯಲ್ಲಪ್ಪಾ. ನಿನ್ನ ಹಲ್ಲಿನ ಸೆಟ್ಟಿಗಿಂತ ಗಟ್ಟಿ."

ಶುಕ್ರವಾರ ಅವರು ಅರವತ್ತು ಗ್ರಾಂ ಬೆಂದ ಕ್ಯಾರೆಟ್ ತೂಗಿಯೇ ಇಟ್ಟರು. ಮಗು ಒಂದು ತುಂಡನ್ನು ಹಿಸುಕಿ, ಚೀಪಿ, ಕಿವಿಗೆ ಒರೆಸಿಕೊಂಡು, ಉಳಿದುದನ್ನು ಕೆಳಗೆಸೆಯಿತು. ನೆಲ, ಕುರ್ಚಿಯ ಸಂದು, ಕತ್ತಿನ ಮಡಿಕೆ, ಎಲ್ಲೆಡೆಯಿಂದ ಆಯ್ದು ಮತ್ತೆ ತೂಗಿದರು. ಅರವತ್ತೊಂದು!

ಕೊಟ್ಟದ್ದಕ್ಕಿಂತ ಹೆಚ್ಚು ಉಳಿದಿದೆ. ಹಳೆಯ ಹಿತ್ತಾಳೆಯ ತೂಕದ ಬಟ್ಟು ತಂದಿಟ್ಟು ನೋಡಿದರು. ಅಡುಗೆಮನೆಯ ತಕ್ಕಡಿ ಪ್ರಾಮಾಣಿಕವಾಗಿತ್ತು. ಹಾಗಾದರೆ ಕೈವಾಡ ಯಾರದು? ಮಗಳ ಮುಖವನ್ನು ದಿನವಿಡೀ ಓರೆಗಣ್ಣಿನಿಂದ ಅಳೆದರು. ಏನೂ ಹೊಳೆಯಲಿಲ್ಲ. ಒಂದು ಮಾತ್ರ ಖಚಿತವಾಯಿತು: ಕೂಸಿನ ಹೊಟ್ಟೆಗೆ ಏನೂ ಹೋಗುತ್ತಿಲ್ಲ.

ಶನಿವಾರ ಮಗಳು ಸ್ನಾನಕ್ಕೆ ಹೋದದ್ದೇ ತಡ, ಕುಂಬಳಕಾಯಿಯನ್ನು ನುರಿದು ಚಮಚ ಹಿಡಿದರು. ಒಂದು ತುತ್ತು ಒಳಗೆ ಹೋಯಿತು. ಎರಡನೆಯದಕ್ಕೆ ಮಗು ತುಟಿ ಬಿಗಿದು ಮುಖ ತಿರುಗಿಸಿತು. ಆಮೇಲೆ ಮುಂದಿದ್ದ ಹುರುಳಿಕಾಯಿಯನ್ನೂ ಮುಟ್ಟಲಿಲ್ಲ. ಅಜ್ಜನ ಕೈಯನ್ನೇ ದಿಟ್ಟಿಸುತ್ತ ಕುಳಿತಿತು. ಅಂಥ ನೋಟವನ್ನು ಅವರು ತಪಾಸಣೆಗೆ ಹೋದಾಗ ಅಂಗಡಿಯವರ ಕಣ್ಣಲ್ಲಷ್ಟೇ ಕಂಡಿದ್ದರು. ಚಮಚ ತೊಳೆದಿಟ್ಟರು.

ಭಾನುವಾರ ಬೆಳಿಗ್ಗೆ ಡೈಪರ್ ಬದಲಿಸುವಾಗ ಅವರು ಕನ್ನಡಕ ಏರಿಸಿಕೊಂಡು ಬಗ್ಗಿದರು.

"ಇಲ್ಲಿ ಬಾಮ್ಮಾ, ಕ್ಯಾರೆಟ್!"

"ಅಪ್ಪಾ, ಅದನ್ನೂ ತಪಾಸಣೆ ಮಾಡ್ತೀಯಾ?"

"ಹಾಗಿದ್ರೆ ತಿಂದಿದೆ. ಮತ್ತೆ ಒಂದು ಗ್ರಾಂ ಹೆಚ್ಚು ಬಂತಲ್ಲ?"

ತೂಗಿದ ಕತೆ ಕೇಳಿ ಮಗಳು ಗೋಡೆ ಹಿಡಿದು ನಕ್ಕಳು. "ಜೊಲ್ಲು ಅಪ್ಪಾ! ಅವಳ ಜೊಲ್ಲನ್ನೂ ಸೇರಿಸಿ ತೂಗಿದ್ದೀಯ."

ಇನ್ಸ್‌ಪೆಕ್ಟರು ನಗಲಿಲ್ಲ. ತಪ್ಪು ಮಾಡಿದವರು ತಾವಾಗಿ ಬಾಯಿಬಿಟ್ಟದ್ದನ್ನು ಮೂವತ್ತೊಂದು ವರ್ಷದಲ್ಲಿ ಅವರು ಕಂಡಿರಲಿಲ್ಲ.

"ನಿನ್ನೆ ಚಮಚ ಹಾಕಿದೆ," ಎಂದರು. "ಒಂದೇ ತುತ್ತು. ಆಮೇಲೆ ಅದು ಏನನ್ನೂ ಮುಟ್ಟಲಿಲ್ಲ."

ಮಗಳ ನಗು ನಿಂತಿತು. ಶಿಶುವಿಹಾರದ ಮಾತನ್ನು ಅವಳು ಎತ್ತಲಿಲ್ಲ, ಎತ್ತುವುದಿಲ್ಲವೆಂದೂ ಹೇಳಲಿಲ್ಲ. ಆ ದಿನವೆಲ್ಲ ಅವರು ಅವಳ ಫೋನು ರಿಂಗಾದಾಗಲೆಲ್ಲ ಕಿವಿಗೊಟ್ಟರು.

ಸೋಮವಾರ ಏಳೂವರೆಗೆ ಅವಳು ಮಗುವನ್ನು ಅವರ ತೊಡೆಯ ಮೇಲೆ ಕೂರಿಸಿ, "ಹನ್ನೊಂದಕ್ಕೆ ಹೂಕೋಸು, ಮೆತ್ತಗೆ ಬೇಯಿಸು," ಎಂದು ಹೊರಟಳು. ಅವರ ಎದೆ ಹಗುರಾಯಿತು. ಚಹಾಕ್ಕೆ ಸಕ್ಕರೆ ಕದಡಲು ಡ್ರಾಯರ್ ಎಳೆದರೆ ಒಂದು ಚಮಚವೂ ಇರಲಿಲ್ಲ. ಎಲ್ಲವನ್ನೂ ಮಗಳು ಕೆಲಸದ ಚೀಲದಲ್ಲಿ ಹೊತ್ತೊಯ್ದಿದ್ದಳು.

ಇನ್ಸ್‌ಪೆಕ್ಟರು ಸಕ್ಕರೆಯನ್ನು ಫೋರ್ಕಿನ ಹಿಡಿಯಿಂದ ಕದಡಿದರು. ಅವಳ ಜಾಗದಲ್ಲಿದ್ದಿದ್ದರೆ ಅವರು ಫೋರ್ಕನ್ನೂ ಬಿಡುತ್ತಿರಲಿಲ್ಲ.