ಹೇರ್‌ಪಿನ್ ಬಿಚ್ಚಿಸಿದವರು

ಚಿಕ್ಕಮಗಳೂರಿನ ಸ್ಕ್ಯಾನಿಂಗ್ ಸೆಂಟರಿನಲ್ಲಿದ್ದ ಆ ಮಹಿಳಾ ಟೆಕ್ನಿಷಿಯನ್ ಕೆಲಸ ಶುರುವಾಗುವ ಮೊದಲೇ ಅಂಗೈ ಉಜ್ಜಿಕೊಂಡು, "ಅಷ್ಟೇ, ಮುಗೀತು" ಎನ್ನುತ್ತಿದ್ದರು. ಆಲ್ದೂರಿನ ತೋಟದಲ್ಲಿ ಕಾಫಿ ಕೊಯ್ಯುವ ನನ್ನ ಅಮ್ಮನ ಲಿವರಿನಲ್ಲಿದ್ದ ಗಂಟು ಎಂಆರ್‌ಐ ಸ್ಕ್ಯಾನಿನಲ್ಲಿ ಸ್ಪಷ್ಟವಾಗಿ ಕಾಣಲೆಂದು ಕಬ್ಬಿಣದ ನ್ಯಾನೊ ಕಣಗಳ ಇಂಜೆಕ್ಷನ್ ಕೊಡಬೇಕಿತ್ತು.

ಮಿಷನ್ನಿನ ಮಂಚದ ಮೇಲೆ ಮಲಗಿದ್ದ ಅಮ್ಮ ಎದ್ದು ಕುಳಿತಳು. "ಅಯಸ್ಕಾಂತದ ಮಿಷನ್ ಅಂತ ಹೇರ್‌ಪಿನ್ ಬಿಚ್ಚಿಸಿದ್ರಿ. ಈಗ ರಕ್ತಕ್ಕೇ ಕಬ್ಬಿಣ ಹಾಕ್ತೀರಾ? ಅಂಟಿಕೊಂಡ್ರೆ ಏನ್ ಮಾಡೋದು ಮಾರಾಯ್ರೆ?"

"ನಮ್ಮೆಲ್ಲರ ರಕ್ತದಲ್ಲೂ ಕಬ್ಬಿಣ ಇದೆ ಅಮ್ಮ. ನಾನು ಅಂಟ್ತೀನಾ ನೋಡಿ," ಎಂದು ಟೆಕ್ನಿಷಿಯನ್ ಅಮ್ಮನನ್ನು ಇಳಿಸಿ ತಾವೇ ಮಲಗಿ, ಮಿಷನ್ನಿನೊಳಗೆ ಹೋಗಿ ಕಾಲು ಆಡಿಸಿದರು. ಅಮ್ಮ ನಕ್ಕು ಒಪ್ಪಿಕೊಂಡಳು.

ಗಂಟಿನಿಂದ ಅಪಾಯವಿಲ್ಲವೆಂದು ಡಾಕ್ಟರ್ ಹೇಳಿದೊಡನೆ ಅಮ್ಮ ಆಕೆಯ ಬಳಿಗೇ ಓಡಿದಳು. ಸುದ್ದಿ ಕೇಳಿ ಆಕೆ ಅಮ್ಮನನ್ನು ತಬ್ಬಿಕೊಂಡರು.

"ದಿನಾ ಎಷ್ಟೋ ಜನರ ಫೋಟೊ ತೆಗೀತೀನಿ. ಕೊನೆಗೆ ಏನಾಯ್ತು ಅಂತ ನಂಗೆ ಹೇಳೋಕೆ ಬಂದವರು ನೀವೊಬ್ರೇ."