ಗೌಸಬಿಯ ನೋಟ್‌ಬುಕ್ಕಿನ ಎರಡನೆಯ ಕೈಬರಹ

ಮಗುವಿಗೆ ಜ್ವರ ಬಂದಿದೆಯೇನೋ ಎಂದು ಹಣೆ ಮುಟ್ಟಿ ನೋಡುವುದು, ಇಲ್ಲವೆಂದಾದ ಮೇಲೆ ಹೊಟ್ಟೆಯನ್ನೂ ಮುಟ್ಟಿ ನೋಡುವುದು ನನ್ನ ನಿತ್ಯದ ರೂಢಿ. 1986ರ ದೀಪಾವಳಿ ಕಳೆದ ವಾರ ಅದರ ಜೊತೆಗೆ ಇನ್ನೊಂದು ಅಂಜಿಕೆ ಸೇರಿಕೊಂಡಿತು. ಇನ್ನೂರು ಪುಟದ ಒಂದು ನೋಟ್‌ಬುಕ್ಕು ಪೊಲೀಸ್ ಠಾಣೆಯಲ್ಲಿ ಬಿದ್ದಿತ್ತು, ಅದರಲ್ಲಿ ಅರ್ಧ ನನ್ನ ಕೈಬರಹ. ಶಿಗ್ಗಾಂವದ ನಮ್ಮ ಮನೆಯ ಬಾಗಿಲು ಯಾರಾದರೂ ಬಡಿದರೆ ಸಾಕು, ಮೊದಲು ಮಗುವನ್ನು ಎತ್ತಿಕೊಂಡು ಆಮೇಲೆ ಅಗಳಿ ತೆಗೆಯುತ್ತಿದ್ದೆ.

ನೋಟ್‌ಬುಕ್ಕು ನನ್ನ ಗೆಳತಿ ಗೌಸಬಿಯದು. ಅವಳ ತಂದೆ ಸಿರಾಜುದ್ದೀನ ಸಾಹೇಬರಿಗೆ ಸವಣೂರಿನಲ್ಲಿ ವೀಳ್ಯದೆಲೆ ಬಳ್ಳಿಯ ತೋಟ. ಸಂತೆಗೆ ಹೋಗುವ ಎಲೆಗಳನ್ನು ಮನೆಮಂದಿಯೆಲ್ಲ ಕುಳಿತು ಒಂದೊಂದಾಗಿ ತಿರುವಿ, ಬೆನ್ನು ನೋಡಿ, ಕಲೆ ಇದ್ದದ್ದನ್ನು ಬೇರೆ ಹಾಕಬೇಕು. ಆರನೆಯ ವಯಸ್ಸಿಗೇ ಆ ಕೆಲಸಕ್ಕೆ ಕುಳಿತ ಗೌಸಬಿ, ಕಲೆಯ ಎಲೆಯನ್ನು ಬೇಕಂತಲೇ ಕಟ್ಟಿನ ಮೇಲಿಟ್ಟು, “ಕೊಳ್ಳಾವ್ರಿಗೆ ಕಾಣಲಿ” ಎನ್ನುತ್ತಿದ್ದಳಂತೆ. ಅಪ್ಪನಿಂದ ತಲೆಗೆ ಮೊಟಕಿಸಿಕೊಂಡರೂ ಮರುದಿನ ಅದೇ.

ರಾಜ್ಯಶಾಸ್ತ್ರದ ಎಂ.ಎ. ಇಬ್ಬರೂ ಕೂಡಿಯೇ ಮುಗಿಸಿದೆವು, ಎಂ.ಫಿಲ್.ಗೂ ಕೂಡಿಯೇ ಸೇರಿದೆವು. ಬಸ್ಸುಗಳಲ್ಲಿ ವಾರಸುದಾರರಿಲ್ಲದ ಡಬ್ಬಿ, ಚೀಲ ಮುಟ್ಟಬೇಡಿ ಎಂದು ಎಲ್ಲೆಲ್ಲೂ ಹೇಳುತ್ತಿದ್ದ ಕಾಲ ಅದು. ಒಂದು ದಿನ ತಪಾಸಣೆಗೆ ಹತ್ತಿದ ಪೊಲೀಸಿನವನೊಬ್ಬ ಇಡೀ ಬಸ್ಸಿನಲ್ಲಿ ಸಿರಾಜುದ್ದೀನ ಸಾಹೇಬರ ಎಲೆಬುಟ್ಟಿಯೊಂದನ್ನೇ ರಸ್ತೆಗೆ ಸುರುವಿದ.

“ಉಳದಾವ್ರ ಚೀಲ ಯಾಕ ಬಿಚ್ಚಲಿಲ್ರಿ?” ಎಂದು ತಂದೆಯ ಪಕ್ಕದಲ್ಲಿದ್ದ ಗೌಸಬಿ ಕೇಳಿದಳು.

“ಅವ್ರ ಮುಖ ನೋಡಿದ್ರ ಗೊತ್ತಾಕ್ಕೈತಿ.”

ಧೂಳು ಹತ್ತಿದ ಎಲೆಗಳನ್ನು ಆರಿಸಿ ಬುಟ್ಟಿಗೆ ತುಂಬಿದವಳು ಮರುವಾರವೇ ಮಾರ್ಗದರ್ಶಕರ ಕೋಣೆಗೆ ಹೋಗಿ, ಭಯೋತ್ಪಾದನೆ ಮತ್ತು ಅದರ ನಿಗ್ರಹ ನನ್ನ ವಿಷಯ ಎಂದಳು. ಅವರು ಕನ್ನಡಕ ತೆಗೆದು, “ಹೆಣ್ಮಗಳು ನೀನು, ಪಂಚಾಯತಿ ಆಡಳಿತದ ಮ್ಯಾಲೆ ಬರಿ” ಎಂದರು.

“ಪಂಚಾಯತಿಗೆ ಯಾರೂ ಅಂಜೂದಿಲ್ರಿ ಸರ್. ನನಗ ಅಂಜಿಕಿ ಬಗ್ಗೆ ಓದೂದೈತಿ. ಬಾಂಬ್ ಇಡಾವ್ರು ನಾಕು ಮಂದಿ ಇರತಾರ, ಅಂಜಾವ್ರು ನಾಕು ಲಕ್ಷ. ಆ ನಾಕು ಲಕ್ಷ ಮಂದೀನ ಸರಕಾರ ಹೆಂಗ ನಡಸಕೋತೈತಿ, ಅದನ್ನ ಬರೀತೇನಿ.”

ಬರೆಯಲು ಬೇಕಾದ ಪುಸ್ತಕಗಳೆಲ್ಲ ವಿಶ್ವವಿದ್ಯಾಲಯದ ಗ್ರಂಥಾಲಯದ ಪರಾಮರ್ಶನ ವಿಭಾಗದಲ್ಲಿದ್ದವು. ಅವನ್ನು ಮನೆಗೆ ಒಯ್ಯುವಂತಿಲ್ಲ. ಮಸಿಪೆನ್ನಿಗೂ ಅಲ್ಲಿ ಪ್ರವೇಶವಿಲ್ಲ, ಪೆನ್ಸಿಲ್ ಮಾತ್ರ. ಬಾಗಿಲಲ್ಲಿ ಚೀಲ ಇಸಿದುಕೊಳ್ಳುವ ಗುದ್ಲೆಪ್ಪ, ಚಿಕ್ಕೇರೂರಿನವನು, ನಮ್ಮನ್ನು ಕಂಡಕೂಡಲೇ, “ಬರ್ರಿ ಬಾಯಾರ, ಇವತ್ತ ಯಾವ ದೇಶದ ವಿಮಾನ ಇಳಸವ್ರು?” ಎನ್ನುತ್ತಿದ್ದ. “ನಿಮ್ಮ ಚಿಕ್ಕೇರೂರಿಂದ ಹೊಂಟದ್ದ” ಎನ್ನುತ್ತಿದ್ದಳು ಗೌಸಬಿ.

ಕೊನೆಯ ಮೇಜು ನಮ್ಮದು. ಅವಳು ಇಂಗ್ಲಿಷ್ ಪುಸ್ತಕ ಓದಿ ಪಿಸುಮಾತಿನಲ್ಲಿ ಕನ್ನಡ ಮಾಡಿ ಹೇಳುವಳು, ನಾನು ಬರೆಯುವೆ. ನನ್ನ ಕೈ ಬೇಸತ್ತಾಗ ಅವಳು ಬರೆಯುವಳು. ಪುಸ್ತಕದ ಹೆಸರು ಬರೆಯುವಷ್ಟರಲ್ಲಿ ಇನ್ನೆರಡು ಸಾಲು ಇಳಿಸಬಹುದು, ಬೆನ್ನಿಗೆ ಅಂಟಿಸಿದ ಸಂಖ್ಯೆಯೊಂದು ಸಾಕು ಎಂದು ಅವಳಿಗೆ ಕಲಿಸಿದವಳು ನಾನೇ. ಹೀಗಾಗಿ ಪುಟದ ತಲೆಯಲ್ಲಿ 303.625 ಎಂದು ಗ್ರಂಥಾಲಯದ ಸಂಖ್ಯೆ, ಪಕ್ಕದಲ್ಲಿ ಪುಟಸಂಖ್ಯೆ. ಯಾರ ಮಾತು, ಯಾವ ಪುಸ್ತಕದ್ದು, ಒಂದೂ ಇಲ್ಲ.

ಅಷ್ಟರಲ್ಲಿ ನನ್ನ ಮದುವೆಯಾಯಿತು. ಓದು ಅಲ್ಲಿಗೇ ನಿಂತಿತು. ಮಗಳು ಹುಟ್ಟಿದಳು. ಗೌಸಬಿ ಒಬ್ಬಳೇ ಸವಣೂರಿನಿಂದ ಬಸ್ಸಿನಲ್ಲಿ ಹೋಗಿ ಬರುತ್ತ ಕೆಲಸ ಮುಂದುವರಿಸಿದಳು. ಪ್ರಬಂಧ ಒಪ್ಪಿಸಲು ಎರಡು ತಿಂಗಳಿದ್ದಾಗ ನೋಟ್‌ಬುಕ್ಕು ಬಸ್ಸಿನ ಸೀಟಿನ ಸಂದಿಯಲ್ಲಿ ಉಳಿಯಿತು. ಕಂಡಕ್ಟರು ತೆರೆದು ಓದಿದ: ‘303.625, 41. ವಿಮಾನ ಹಿಡಿಯಲು ಮೂವರು ಸಾಕು. ಮಿಕ್ಕ ಕೆಲಸವನ್ನು ಪ್ರಯಾಣಿಕರ ಅಂಜಿಕೆ ಮಾಡುತ್ತದೆ.’ ಪುಣ್ಯಾತ್ಮ ಮುಂದಿನ ನಿಲ್ದಾಣದಲ್ಲೂ ನಿಲ್ಲಿಸಗೊಡದೆ ಪ್ರಯಾಣಿಕರ ಸಮೇತ ಬಸ್ಸನ್ನು ನೇರ ಠಾಣೆಗೆ ಒಯ್ಯಿಸಿದ. ನಮ್ಮ ಸಂಖ್ಯೆಗಳು ಅಲ್ಲಿ ಗುಪ್ತಸಂಕೇತಗಳಾದವು.

ಬೇರೆ ಯಾರಾದರೂ ನೋಟ್‌ಬುಕ್ಕಿನ ಆಸೆ ಬಿಟ್ಟು ಮನೆಯಲ್ಲಿ ಕೂರುತ್ತಿದ್ದರು. ಗೌಸಬಿ ತಾನಾಗಿ ಠಾಣೆಗೆ ಹೋಗಿ, “ಅದು ನಂದರಿ, ಕೊಡ್ರಿ” ಎಂದು ಕೈಚಾಚಿದಳು. ನಾಲ್ಕು ದಿನ ಬಿಟ್ಟು ನಮ್ಮ ಮನೆಗೆ ಬಂದು, ಮಗಳನ್ನು ತೊಡೆಯ ಮೇಲೆ ಕುಣಿಸುತ್ತ ಎಲ್ಲವನ್ನೂ ಹೇಳಿದಳು.

“ಫೌಜದಾರ್ರು ಕೇಳಿದ್ರು, ಇದರಾಗ ಎರಡು ನಮೂನಿ ಅಕ್ಷರ ಅದಾವ, ಇನ್ನೊಂದ್ಯಾರದು ಅಂತ. ಗೆಳತೀದು ಅಂದೆ. ಹೆಸರು ಹೇಳು ಅಂದ್ರು. ಆಕಿಗೆ ಕೈಗೂಸೈತಿ, ಹೇಳೂದಿಲ್ರಿ ಅಂದೆ.”

“ಮುಂದ?”

“ನಂಬರ್ ಗ್ರಂಥಾಲಯದ ಪುಸ್ತಕದವು ಅಂದೆ, ನಂಬಲಿಲ್ಲ. ಠಾಣೆಯಿಂದ ಅಲ್ಲಿಗೆ ಪತ್ರ ಹೋತು. ಎರಡನೇ ಹೆಸರು ಹೇಳೂತನಾ ಅಲ್ಲಿ ಒಳಗ ಹೋಗೂ ನನ್ನ ಟಿಕೆಟ್ ಬಂದ್. ಗುದ್ಲೆಪ್ಪನ್ನೂ ಕೇಳ್ಯಾರ. ನಾ ಚೀಲ ನೋಡಾಂವರಿ, ಅಕ್ಷರ ನೋಡಾಂವಲ್ಲ ಅಂದಾನ.” ಅವಳು ನಕ್ಕಳು. “ನೀ ಹಂಗ್ಯಾಕ ಬೆವತಿ? ನಿನ್ನ ಹೆಸರು ನನ್ನ ಬಾಯಿಂದ ಬರೂದಿಲ್ಲ.”

ನಾನು ಚಹಾ ಕೊಟ್ಟೆ. ನನ್ನ ಹೆಸರು ಹೇಳು ಎನ್ನಲಿಲ್ಲ. ಅವಳು ಬಸ್ಸಿಗೆ ಹೋದ ಮೇಲೆ ಮಗುವಿನ ಹಣೆ ಮುಟ್ಟಿ ನೋಡಿದೆ. ಸಂಜೆ ಕಾಲೇಜಿನಿಂದ ಬಂದ ನನ್ನ ಗಂಡ ಪ್ರಾಣೇಶ, “ನಿನ್ನ ಹೆಸರು ಯಾರೂ ಕೇಳಿಲ್ಲಲ್ಲ, ಸುಮ್ಮನಿರು” ಎಂದರು. ಸುಮ್ಮನಿದ್ದೆ.

ಎರಡು ವಾರಕ್ಕೆ ಅವಳ ಕಾರ್ಡು ಬಂತು. ‘ಟಿಕೆಟ್ ಇಲ್ಲದೆ ಒಳಗೆ ಬಿಡುವುದಿಲ್ಲ. ಮೆಟ್ಟಿಲ ಮೇಲೆ ಕೂರಲು ಟಿಕೆಟ್ ಬೇಡವೆಂದು ಗುದ್ಲೆಪ್ಪ ಹೇಳಿದ್ದಾನೆ. ಒಂಬತ್ತು ದಿನ ಬಾಗಿಲು ತೆರೆಯುವಾಗಿನಿಂದ ಮುಚ್ಚುವ ತನಕ ಕೂತಿದ್ದೇನೆ. ಟಿಕೆಟ್ ಬಂದ್ ಮಾಡಿದ ಉಪಗ್ರಂಥಪಾಲರು ನನ್ನನ್ನು ದಾಟಿಯೇ ಒಳಗೆ ಹೋಗಬೇಕು. ಕೂಸಿಗೆ ಹಲ್ಲು ಬಂತೇ?’

ಅವಳು ಸಿಟ್ಟು ಮಾಡಿದ್ದರೆ ತಡೆದುಕೊಳ್ಳುತ್ತಿದ್ದೆ. ಕೂಸಿನ ಹಲ್ಲು ಕೇಳಿದ್ದನ್ನು ತಡೆಯಲಾಗಲಿಲ್ಲ.

ಆಗ ನಮ್ಮ ಓಣಿಯಲ್ಲಿ ಫೋನು ಇದ್ದದ್ದು ಗುಡ್ಡಪ್ಪನವರ ಕಾಳಿನ ಅಂಗಡಿಯಲ್ಲಿ. ನಡುಮಧ್ಯಾಹ್ನ ಮಗಳನ್ನು ಸೊಂಟಕ್ಕೇರಿಸಿಕೊಂಡು ಹೋದೆ. ಟ್ರಂಕ್ ಕಾಲ್ ಎಂದೊಡನೆ ಹಮಾಲರು ಮೂಟೆ ಇಳಿಸಿ ನಿಂತರು.

“ಯಾರಿಗರೆ ಆರಾಮಿಲ್ಲೇನ್ರಿ ಬಾಯಾರ?” ಎಂದರು ಗುಡ್ಡಪ್ಪ.

“ಎಲ್ಲಾರೂ ಆರಾಮ ಇದ್ದಾರ್ರಿ.”

ಒಂದು ತಾಸಿಗೆ ಲೈನು ಸಿಕ್ಕಿತು. ಅತ್ತ ಉಪಗ್ರಂಥಪಾಲರ ದನಿ ಬಾವಿಯ ತಳದಿಂದ ಬಂದಂತಿತ್ತು. ಕೂಗದೆ ಗತಿಯಿಲ್ಲ. ಇಡೀ ಪೇಟೆಗೆ ಕೇಳುವಂತೆ ಕೂಗಿದೆ.

“ಗೌಸಬಿ ನೋಟ್‌ಬುಕ್ಕಿನ ಎರಡನೇ ಅಕ್ಷರ ನಂದರೀ! ಸುಮನ್ ಅಂತ, ನಿಮ್ಮ ಹಳೇ ವಿದ್ಯಾರ್ಥಿ. ಆ ನಂಬರ್ ಎಲ್ಲಾ ನಿಮ್ಮ ಕಪಾಟಿನವು. ಪುಸ್ತಕ ತಗದು ನೋಡ್ರಿ, ಪುಟಾ ಸೈತ ಹೊಂದತಾವ!”

“ಯಾರ ಪೈಕಿ ನೀವು? ಮನಿಯವರು ಏನ್ ಮಾಡ್ತಾರ?”

“ಬರದಾಕಿ ನಾನು. ನನ್ನಷ್ಟ ಕೇಳ್ರಿ.”

“ಹಿಂಗ ಫೋನಿನಾಗ ಹೇಳಿದ್ರ ನಡಿಯೂದಿಲ್ಲ. ಬರವಣಿಗಿ ಬೇಕು, ಠಾಣೆಗೂ ಹೋಗಬೇಕಾಗತದ.”

“ನಾಳೆ ಮುಂಜಾನೆ ಹೋಗಿ ಅವರ ಮುಂದನ ಬರದು ಅಕ್ಷರ ತೋರಸ್ತೇನಿ. ಆದ್ರ ಆಕಿ ಈಗ ನಿಮ್ಮ ಮೆಟ್ಟಲ ಮ್ಯಾಲ ಕುಂತಾಳ. ಮೊದಲ ಆಕೀನ ಒಳಗ ಕರೀರಿ.”

“ನಿಮಗ ಅಂಜಿಕಿ ಇಲ್ಲೇನಮ್ಮಾ?”

“ಭಾಳ ಅದರೀ!”

ನಡುವೆ ಆಪರೇಟರ್ ಬಂದಳು. “ಮೂರು ಮಿನಿಟ್ ಆತ್ರಿ. ಮುಂದುವರಸ್ಲೇನು?”

ಮಗಳು ಫೋನಿನ ವಾಯರು ಜಗ್ಗುತ್ತಿದ್ದಳು.

“ಮುಂದುವರಸ್ರಿ” ಎಂದೆ. “ಸಾಹೇಬ್ರು ಬಾಗಲಕ್ಕ ಹೋಗಿ ಆಕೀನ ಕರದು ಬರೂತನಾ ನಾ ಫೋನ್ ಇಡೂದಿಲ್ಲ.”